ನಾನು ಕಲಿಯದ ಪಾಠದಲ್ಲಿ ಮಗಳಿಗೆ ನೆರವಾಗುವುದು ಹೇಗೆ?

ಪ್ರಶ್ನೆ ಕೇಳಿದವರು: ತೀರ್ಥಹಳ್ಳಿ ಕಡೆಯ ತಾಯಿ (ಜುಲೈ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಬಸ್ಸು ಇಳಿದು ಮೂರು ಕಿಲೋಮೀಟರ್ ಒಳಗಿದೆ. ಒಂದೂವರೆ ಎಕರೆ ಅಡಿಕೆ ತೋಟ, ಎರಡು ಹಸು, ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ನಾನು ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ್ದೇನೆ. ನಮ್ಮವರು ಪಿಯುಸಿ ಅರ್ಧಕ್ಕೆ ಬಿಟ್ಟು ತೋಟಕ್ಕೆ ಇಳಿದವರು.

ಮಗಳು ಏಳನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿ, ಈ ಜೂನ್‌ನಲ್ಲಿ ಪೇಟೆಯ ಸರ್ಕಾರಿ ಪ್ರೌಢಶಾಲೆಯ ಇಂಗ್ಲಿಷ್ ಮಾಧ್ಯಮದ ವಿಭಾಗಕ್ಕೆ ಎಂಟನೆಯ ತರಗತಿಗೆ ಸೇರಿದ್ದಾಳೆ. ಇಷ್ಟು ವರ್ಷ ಸಂಜೆ ಅಡುಗೆಮನೆಯಲ್ಲೇ ಕೂರಿಸಿಕೊಂಡು ನಾನು ಓದಿಸುತ್ತಿದ್ದೆ. ಈಗ ವಿಜ್ಞಾನದ ಪುಸ್ತಕ ತೆರೆದರೆ ಪದಗಳೇ ನನಗೆ ತಿಳಿಯುವುದಿಲ್ಲ, ಲೆಕ್ಕದಲ್ಲಿ ಬೀಜಗಣಿತ ಬಂದಿದೆ, ಏನಾದರೂ ಕೇಳಿದರೆ "ನಿಂಗೆ ಗೊತ್ತಾಗಲ್ಲ ಬಿಡಮ್ಮ" ಎನ್ನುತ್ತಾಳೆ. ಅವಳು ಹೇಳುವುದರಲ್ಲಿ ತಪ್ಪೇನೂ ಇಲ್ಲ ಎಂಬುದೇ ನನ್ನ ಸಂಕಟ. ಮೊದಲ ಕಿರುಪರೀಕ್ಷೆಯಲ್ಲಿ ಗಣಿತದಲ್ಲಿ 25ಕ್ಕೆ 9 ಬಂದಿದೆ. ಪೇಟೆಯಲ್ಲಿ ಟ್ಯೂಷನ್‌ಗೆ ಹಾಕೋಣ ಎಂದು ನಮ್ಮವರು ಹೇಳುತ್ತಾರೆ, ಆದರೆ ಅದು ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಕೊನೆಯ ಬಸ್ಸು ಹೋಗಿರುತ್ತದೆ. ಓದುವವರು ಬೀದಿ ದೀಪದಲ್ಲೂ ಓದುತ್ತಾರೆ ಎನ್ನುವುದು ಮಾವನವರ ಅಭಿಪ್ರಾಯ. (ನಮ್ಮ ಊರಿನಲ್ಲಿ ಬೀದಿ ದೀಪವೇ ಇಲ್ಲ, ಅದು ಬೇರೆ ಮಾತು.)

ಮಗ ಮೂರನೆಯ ತರಗತಿ. ಅಕ್ಷರ, ಕಾಗುಣಿತ ಬರುತ್ತದೆ, ಒತ್ತಕ್ಷರ ಬಂದ ಕೂಡಲೇ ನಿಂತುಬಿಡುತ್ತಾನೆ, ಇಲ್ಲವೇ ಊಹಿಸಿ ಏನನ್ನೋ ಓದುತ್ತಾನೆ. ಪುನರ್ವಸು ಮಳೆ ಹಿಡಿದಾಗಿನಿಂದ ವಾರಕ್ಕೆ ಎರಡು ದಿನ ರಜೆ ಬೇರೆ. ತಂದೆ ತಾಯಿ ಎನಿಸಿಕೊಂಡವರು ಯಾವ ತರಗತಿಯವರೆಗೆ ಏನು ಮಾಡಬಹುದು, ತಮಗೆ ತಿಳಿಯದ ಪಾಠ ಬಂದಾಗ ಏನು ಮಾಡಬೇಕು ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.


ಉತ್ತರ 1: ನಿವೃತ್ತ ಮುಖ್ಯ ಶಿಕ್ಷಕ, ಸಾಗರ ತಾಲ್ಲೂಕು

ತಾಯೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗನ ವಿಷಯದಿಂದ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಕಾಲ ಮಿತಿ ಇದೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿ ಪದ್ಧತಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶಿಕ್ಷಕರೇ ಕೂಡಿ ಆರಂಭಿಸಿದ ಈ ಕ್ರಮದಲ್ಲಿ ಪ್ರತಿ ಮಗು ಕಲಿಕಾ ಏಣಿಯ ತನ್ನ ಮೆಟ್ಟಿಲಿನಲ್ಲಿದ್ದುಕೊಂಡು ತನ್ನ ವೇಗದಲ್ಲಿ ಮುಂದೆ ಹೋಗುತ್ತದೆ. ಮಗುವಿಗೆ ಇದು ಒಳ್ಳೆಯದು, ಆದರೆ ಹೆತ್ತವರಿಗೆ ಒಂದು ತೊಡಕಿದೆ: ಮಗು ಹಿಂದೆ ಬಿದ್ದಿರುವುದು ಅಂಕದಲ್ಲಿ ಕಾಣುವುದಿಲ್ಲ. ನಾಲ್ಕನೆಯ ತರಗತಿಗೆ ಹೋದ ಕೂಡಲೇ ಎಲ್ಲರಿಗೂ ಒಂದೇ ಪಠ್ಯಪುಸ್ತಕ, ಒಂದೇ ಪಾಠ. ಆಗ ಒಮ್ಮೆಲೇ ಕಾಣುತ್ತದೆ. ಆದ್ದರಿಂದ ಶಿಕ್ಷಕರನ್ನು "ನಮ್ಮ ಹುಡುಗ ಹೇಗೆ ಓದುತ್ತಾನೆ" ಎಂದು ಕೇಳಬೇಡಿ. ಆ ಪ್ರಶ್ನೆಗೆ "ಪರವಾಗಿಲ್ಲ" ಎಂಬ ಉತ್ತರ ಬಿಟ್ಟು ಬೇರೆ ಬರುವುದು ಅಪರೂಪ, ನಾನೂ ಮೂವತ್ತು ವರ್ಷ ಅದನ್ನೇ ಹೇಳಿದ್ದೇನೆ. "ಏಣಿಯಲ್ಲಿ ಯಾವ ಮೈಲಿಗಲ್ಲಿನಲ್ಲಿದ್ದಾನೆ, ಮುಂದಿನದಕ್ಕೆ ಏನು ಅಡ್ಡಿಯಾಗಿದೆ" ಎಂದು ಕೇಳಿ.

ಒತ್ತಕ್ಷರದಲ್ಲಿ ನಿಲ್ಲುವುದಕ್ಕೆ ಕಾರಣ ಸೋಮಾರಿತನವಲ್ಲ. ಅಪ್ಪ, ಅಕ್ಕ, ಬೆಲ್ಲ, ಗದ್ದೆ, ಹಳ್ಳ ಎಂಬ ಪದಗಳಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು, ಹಾಗಾಗಿ ಕಿವಿಯೇ ಕಣ್ಣಿಗೆ ದಾರಿ ತೋರಿಸುತ್ತದೆ. ಪುಸ್ತಕ, ರಾತ್ರಿ, ವಾಕ್ಯ, ಆತ್ಮ ಎಂಬಲ್ಲಿ ಬೇರೆ ಅಕ್ಷರದ ಒತ್ತು ಬರುತ್ತದೆ, ಸಾಲದ್ದಕ್ಕೆ ತ, ಮ, ಯ, ರ ಒತ್ತುಗಳ ಆಕಾರಕ್ಕೂ ಮೂಲ ಅಕ್ಷರಕ್ಕೂ ಹೋಲಿಕೆಯೇ ಇಲ್ಲ. ಅರ್ಕಾವತ್ತು ಇನ್ನೂ ವಿಚಿತ್ರ: ಉಚ್ಚಾರಣೆಯಲ್ಲಿ ಮೊದಲು ಬರುವ ರಕಾರವನ್ನು ಬರವಣಿಗೆಯಲ್ಲಿ ಆಮೇಲೆ ಹಾಕುತ್ತೇವೆ. ಎಡದಿಂದ ಬಲಕ್ಕೆ ಓದಲು ಆಗಷ್ಟೇ ಕಲಿತ ಮಗುವಿಗೆ ಇದು ಹಿಂದಕ್ಕೆ ನಡೆದಂತೆ. ಹೀಗಾಗಿ ಮೊದಲು ಮೊದಲನೆಯ ಗುಂಪಿನ ಪದಗಳು ತಡೆಯಿಲ್ಲದೆ ಬರಲಿ, ಬಳಿಕ ಎರಡನೆಯದು, ಕೊನೆಗೆ ಅರ್ಕಾವತ್ತು. ಅಭ್ಯಾಸಕ್ಕೆ ಬೇರೆ ಪುಸ್ತಕ ಬೇಡ. ನಿಮ್ಮ ಬಸ್‌ನಿಲ್ದಾಣದಲ್ಲಿ ಬಸ್ಸುಗಳ ಬೋರ್ಡ್ ಓದಿಸಿ. ಕೊಪ್ಪ ಸುಲಭ, ಶಿವಮೊಗ್ಗ ಸುಲಭ, ಭದ್ರಾವತಿ ಸ್ವಲ್ಪ ಕಷ್ಟ, ಶೃಂಗೇರಿಗೆ ವಟ್ರಸುಳಿ ಗೊತ್ತಿರಬೇಕು, ತೀರ್ಥಹಳ್ಳಿಯಲ್ಲಂತೂ ಅರ್ಕಾವತ್ತು, ಸಜಾತೀಯ ಒತ್ತು (ಅದೇ ಅಕ್ಷರಕ್ಕೆ ಅದೇ ಒತ್ತು) ಎರಡೂ ಒಂದೇ ಪದದಲ್ಲಿವೆ.

ದಿನಕ್ಕೆ ಹದಿನೈದು ನಿಮಿಷ ಗಟ್ಟಿಯಾಗಿ ಓದಿಸಿ. ತಪ್ಪಿದ ಕೂಡಲೇ ಬಾಯಿ ಹಾಕಬೇಡಿ, ವಾಕ್ಯ ಮುಗಿಯುವವರೆಗೆ ಕಾಯಿರಿ. ಅರ್ಥ ಕೂಡದಿರುವುದನ್ನು ಕಂಡು ಅರ್ಧದಷ್ಟು ತಪ್ಪುಗಳನ್ನು ಮಗುವೇ ತಿದ್ದಿಕೊಳ್ಳುವುದನ್ನು ನಾನು ತರಗತಿಯಲ್ಲಿ ನೋಡಿದ್ದೇನೆ. ಓದಿ ಮುಗಿದ ಮೇಲೆ ಪುಸ್ತಕ ಮುಚ್ಚಿಸಿ, "ಏನಾಯಿತು ಹೇಳು" ಎಂದು ಕೇಳಿ.

ಈಗ ಮಗಳ ವಿಷಯ. ಪಾಠ ಹೇಳಿಕೊಡುವುದು ಬೇರೆ, ಪಾಠ ಒಪ್ಪಿಸಿಕೊಳ್ಳುವುದು ಬೇರೆ. ಮೊದಲನೆಯದು ಶಾಲೆಯ ಕೆಲಸ. ಎರಡನೆಯದಕ್ಕೆ ನೀವು ಕಲಿತದ್ದು ಧಾರಾಳವಾಗಿ ಸಾಕು. ರಾಜ್ಯ ಪಠ್ಯಕ್ರಮದ ಎಂಟನೆಯ ತರಗತಿಯ ಗಣಿತ ಮತ್ತು ವಿಜ್ಞಾನ ಪುಸ್ತಕಗಳು ಕನ್ನಡ ಮಾಧ್ಯಮದಲ್ಲೂ ಇವೆ, ಪಾಠದ ಕ್ರಮವೂ ಅದೇ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಅವನ್ನು ಹಣವಿಲ್ಲದೆ ಇಳಿಸಿಕೊಳ್ಳಬಹುದು. ಇಲ್ಲವೇ ಕನ್ನಡ ವಿಭಾಗದ ಹಳೆಯ ವಿದ್ಯಾರ್ಥಿಯಿಂದ ಕೇಳಿ ತನ್ನಿ. ಅವಳು ಇಂಗ್ಲಿಷ್ ಪುಸ್ತಕವನ್ನಿಟ್ಟುಕೊಂಡು ಕೂರಲಿ, ನೀವು ಕನ್ನಡದ ಪುಸ್ತಕವನ್ನಿಟ್ಟುಕೊಂಡು ಕುಳಿತು, ಅದೇ ಪಾಠವನ್ನು ಅವಳಿಂದ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಎಲ್ಲಿ ಅವಳ ಮಾತು ತಡವರಿಸುತ್ತದೆಯೋ ಅಲ್ಲಿ ಅರ್ಥವಾಗಿಲ್ಲ. ಬಾಯಿಪಾಠ ಮಾಡಿದ ಇಂಗ್ಲಿಷ್ ವಾಕ್ಯದ ಹಿಂದೆ ಅಡಗಿಕೊಳ್ಳಬಹುದು, ಕನ್ನಡದಲ್ಲಿ ನಿಮಗೆ ತಿಳಿಯುವಂತೆ ಹೇಳುವಾಗ ಅಡಗಿಕೊಳ್ಳಲು ಜಾಗವಿಲ್ಲ.

ಪಠ್ಯಪುಸ್ತಕದ ಪಾಠಗಳಲ್ಲಿರುವ ಕ್ಯೂಆರ್ ಚೌಕವನ್ನು ದೀಕ್ಷಾ ಆ್ಯಪ್‌ನಿಂದ ತೆರೆದರೆ ವಿಡಿಯೊ ಮುಂತಾದವು ಸಿಗುತ್ತವೆ. ನಿಮ್ಮ ಕಡೆ ನೆಟ್‌ವರ್ಕ್ ಎಷ್ಟರ ಮಟ್ಟಿಗೆ ಇದೆಯೆಂಬುದು ನನಗೆ ತಿಳಿದೇ ಇದೆ, ಪೇಟೆಗೆ ಹೋದ ದಿನ ಇಳಿಸಿಟ್ಟುಕೊಳ್ಳಿ.


ಉತ್ತರ 2: ಹೊಸನಗರದ ಅಡಿಕೆ ಬೆಳೆಗಾರ

ಮೇಷ್ಟ್ರು ಹೇಳಿದ್ದರ ಮೇಲೆ ನಾನು ಹೇಳುವುದು ಹೆಚ್ಚೇನಿಲ್ಲ. ನನ್ನ ದೊಡ್ಡ ಮಗ ಈಗ ಪಾಲಿಟೆಕ್ನಿಕ್‌ನಲ್ಲಿದ್ದಾನೆ, ಚಿಕ್ಕವಳು ಒಂಬತ್ತನೆಯ ತರಗತಿ. ದೊಡ್ಡವನ ಕಾಲದಲ್ಲಿ ನಾನು ಮಾಡಿದ ತಪ್ಪುಗಳನ್ನು ಹೇಳಿದರೆ ನಿಮಗೆ ಉಪಯೋಗವಾಗಬಹುದು.

ನಾನು ಅಂಕಪಟ್ಟಿಯನ್ನು ನೋಡುತ್ತಿದ್ದೆ, ಪುಸ್ತಕವನ್ನು ನೋಡುತ್ತಿರಲಿಲ್ಲ. ಕಡಿಮೆ ಬಂದರೆ ಬೈಯುವುದು, ಹೆಚ್ಚು ಬಂದರೆ ಸುಮ್ಮನಿರುವುದು. ಹೀಗೆ ಎರಡು ವರ್ಷ ನಡೆದ ಮೇಲೆ ಅವನು ಅಂಕಪಟ್ಟಿಗೆ ನನ್ನ ಸಹಿಯನ್ನು ತಾನೇ ಹಾಕಿಕೊಳ್ಳಲು ಕಲಿತ. ಸಹಿ ನನ್ನದಕ್ಕಿಂತ ಚೆನ್ನಾಗಿತ್ತು. ಅನಂತರ ಒಂದು ವರ್ಷ ಟ್ಯೂಷನ್‌ಗೆ ಕಳುಹಿಸಿದೆ. ಅಲ್ಲಿ ನಲವತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿ ಶಾಲೆಯ ನೋಟ್ಸನ್ನೇ ಮತ್ತೊಮ್ಮೆ ಬರೆಸುತ್ತಿದ್ದರು. ಬಸ್ಸಿನಲ್ಲಿ ಹೋಗಿ ಬರುವ ಹೊತ್ತು ಸೇರಿ ದಿನಕ್ಕೆ ಮೂರು ಗಂಟೆ ಅದಕ್ಕೇ ಹೋಯಿತು, ನಿದ್ದೆ ಕೆಟ್ಟಿತು, ಅಂಕ ಮೊದಲಿನಂತೆಯೇ ಉಳಿಯಿತು.

ಇನ್ನೊಂದು ತಪ್ಪು ಅಡಿಕೆ ಗೊನೆ ಕೊಯ್ಲಿನ ಕಾಲದ್ದು. ನವೆಂಬರ್, ಡಿಸೆಂಬರ್‌ನಲ್ಲಿ ಸುಲಿಯುವ ಆಳುಗಳು ಸಿಗದೆ ರಾತ್ರಿ ಹತ್ತರವರೆಗೆ ಮಕ್ಕಳನ್ನೂ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರಿಸುತ್ತಿದ್ದೆವು. ಮನೆಯ ಕೆಲಸ ಮಕ್ಕಳಿಗೆ ಬೇಡವೆಂದು ನಾನು ಹೇಳುವುದಿಲ್ಲ, ಆದರೆ ಆ ಎರಡು ತಿಂಗಳು ಶಾಲೆಯಲ್ಲಿ ಅತಿ ಹೆಚ್ಚು ಪಾಠ ನಡೆಯುವ ಕಾಲ ಎಂಬುದು ನನಗೆ ಗೊತ್ತಾದದ್ದು ಚಿಕ್ಕವಳ ಸರದಿ ಬಂದಾಗ. ಈಗ ಅವಳಿಗೆ ಭಾನುವಾರ ಮಾತ್ರ ಸುಲಿಯುವ ಕೆಲಸ, ಉಳಿದ ದಿನ ಇಲ್ಲ.

ಮಳೆರಜೆಯನ್ನು ಹಾಳು ಎಂದುಕೊಳ್ಳಬೇಡಿ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯೊಂದನ್ನು ಅಂಗಳದ ಬಯಲಿನಲ್ಲಿಟ್ಟು ಬೆಳಿಗ್ಗೆ ಎಂಟಕ್ಕೆ ನೀರಿನ ಆಳವನ್ನು ಸ್ಕೇಲಿನಿಂದ ಅಳೆಯುವ ಕೆಲಸವನ್ನು ನಾನು ಚಿಕ್ಕವಳಿಗೆ ಐದನೆಯ ತರಗತಿಯಲ್ಲಿ ವಹಿಸಿದೆ. ನಾವು ಇಂಚಿನಲ್ಲಿ ಹೇಳುತ್ತೇವೆ, ಪತ್ರಿಕೆಯಲ್ಲಿ ಮಿಲಿಮೀಟರಿನಲ್ಲಿ ಬರುತ್ತದೆ. ಒಂದು ಇಂಚಿಗೆ 25.4 ಮಿಲಿಮೀಟರ್ ಎಂದು ಗೊತ್ತಾದ ಮೇಲೆ ದಶಮಾಂಶದ ಗುಣಾಕಾರ ತಾನಾಗಿ ಬಂತು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಎಕರೆಗೆ 4,047 ಚದರ ಮೀಟರ್. ಹಾಗಾದರೆ ಒಂದು ಇಂಚು ಮಳೆಗೆ ನಮ್ಮ ಒಂದು ಎಕರೆ ತೋಟದ ಮೇಲೆ ಬೀಳುವ ನೀರು ಸುಮಾರು 1 ಲಕ್ಷ 3 ಸಾವಿರ ಲೀಟರ್ ಎಂದು ಅವಳು ಲೆಕ್ಕ ಹಾಕಿ ಹೇಳಿದ ದಿನ, ಬಸಿಗಾಲುವೆ ಏಕೆ ತೆಗೆಯಬೇಕು ಎಂಬುದು ನನಗೇ ಹೊಸದಾಗಿ ಅರ್ಥವಾಯಿತು. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬ್ಯಾರಲ್ ಇನ್ನೂರು ಲೀಟರಿನದಾದರೆ ಎಷ್ಟು, ಅರ್ಧ ಬ್ಯಾರಲಿಗೆ ಎಷ್ಟು ಎಂಬುದೇ ಅನುಪಾತದ ಪಾಠ. ಲೆಕ್ಕ ಮಾತ್ರ ಅವಳದ್ದು, ಮೈಲುತುತ್ತವನ್ನು ಮಕ್ಕಳ ಕೈಗೆ ಕೊಡಬೇಡಿ.


ಉತ್ತರ 3: ಪ್ರೌಢಶಾಲಾ ಗಣಿತ ಶಿಕ್ಷಕಿ, ಭದ್ರಾವತಿ

ಮೇಲಿನ ಹಿರಿಯರ ಮಾತನ್ನು ಗೌರವದಿಂದ ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯ ಹೇಳಬೇಕಾಗಿದೆ. ತೋಟದ ಲೆಕ್ಕ ಐದು, ಆರನೆಯ ತರಗತಿಗೆ ಬಹಳ ಒಳ್ಳೆಯದು, ಆದರೆ ಎಂಟನೆಯ ತರಗತಿಯ ಬೀಜಗಣಿತಕ್ಕೆ ಅದು ಅಷ್ಟಾಗಿ ಒದಗುವುದಿಲ್ಲ. ಅಲ್ಲಿ ಸಂಖ್ಯೆಯ ಜಾಗದಲ್ಲಿ ಅಕ್ಷರ ಬರುತ್ತದೆ, ಅಳೆಯುವುದಕ್ಕೆ ಡಬ್ಬಿ ಇರುವುದಿಲ್ಲ.

ಎಂಟನೆಯ ತರಗತಿಗೆ ಬರುವ ಮಕ್ಕಳಲ್ಲಿ ನಾನು ವರ್ಷವರ್ಷವೂ ಕಾಣುವುದೇನೆಂದರೆ, ಬೀಜಗಣಿತ ಬರುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರಿಗೆ ಬಾರದಿರುವುದು ಬೀಜಗಣಿತವಲ್ಲ, ಐದನೆಯ ತರಗತಿಯ ಭಿನ್ನರಾಶಿ ಅಥವಾ ಆರನೆಯ ತರಗತಿಯ ಋಣಸಂಖ್ಯೆ. ಹಳೆಯ ಗೋಡೆಯಲ್ಲಿ ಒಂದು ಕಲ್ಲು ಸಡಿಲವಾಗಿದ್ದರೆ ಮೇಲಿನ ಸಾಲು ಎಷ್ಟು ಸಲ ಕಟ್ಟಿದರೂ ಬೀಳುತ್ತದೆ. ಈ ಸಡಿಲ ಕಲ್ಲನ್ನು ಹುಡುಕುವುದಕ್ಕೆ ಗಣಿತ ತಿಳಿದಿರಬೇಕಾಗಿಲ್ಲ, ಇದನ್ನು ನೀವು ಮಾಡಬಹುದು. ಅಕ್ಕ, 25ಕ್ಕೆ 9 ಎಂಬುದನ್ನು ಪಕ್ಕಕ್ಕಿಡಿ. ಅವಳ ನೋಟ್‌ಪುಸ್ತಕ, ಪರೀಕ್ಷೆಯ ಉತ್ತರಪತ್ರಿಕೆ ಎರಡನ್ನೂ ತೆಗೆದು ಕೆಂಪು ಗೆರೆ ಬಿದ್ದಿರುವ ಲೆಕ್ಕಗಳನ್ನಷ್ಟೇ ನೋಡಿ. ಪ್ರತಿಯೊಂದರಲ್ಲೂ ಯಾವ ಸಾಲಿನವರೆಗೆ ಸರಿಯಿದೆ, ಯಾವ ಸಾಲಿನಲ್ಲಿ ತಪ್ಪಿದೆ ಎಂದು ಗುರುತು ಹಾಕಿ. ಹತ್ತು ಲೆಕ್ಕ ನೋಡುವುದರೊಳಗೆ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಾಣಿಸುತ್ತದೆ. ಆ ಪುಟವನ್ನು ಹಿಡಿದುಕೊಂಡು ಶಾಲೆಗೆ ಹೋಗಿ ಗಣಿತದ ಶಿಕ್ಷಕರಿಗೆ ತೋರಿಸಿ. ಲೆಕ್ಕದಲ್ಲಿ ಹಿಂದಿದ್ದಾಳೆ ಎಂದು ಹೇಳುವ ಹೆತ್ತವರು ನಮ್ಮಲ್ಲಿಗೆ ಬಹಳ ಜನ ಬರುತ್ತಾರೆ. ಇಲ್ಲಿ ತಪ್ಪುತ್ತಿದ್ದಾಳೆ ಎಂದು ತೋರಿಸುವವರು ಬಂದರೆ ನಮ್ಮ ಕೆಲಸ ಅರ್ಧ ಮುಗಿದಂತೆ.

ಓದಿದ್ದು ಮರೆತುಹೋಗುತ್ತದೆ ಎಂಬ ದೂರನ್ನು ಎಲ್ಲ ಮಕ್ಕಳೂ ಹೇಳುತ್ತಾರೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಕೆಲಸದಿಂದ ಈಚೆಗೆ ಮನಶ್ಶಾಸ್ತ್ರಜ್ಞರು ಕಂಡುಕೊಂಡಿರುವುದು ಇಷ್ಟು: ಕಲಿತದ್ದರ ಬಹುಭಾಗ ಮೊದಲ ಕೆಲವು ಗಂಟೆ, ದಿನಗಳಲ್ಲೇ ಮರೆಯುತ್ತದೆ, ಮತ್ತು ಒಂದೇ ದಿನ ಮೂರು ಗಂಟೆ ಓದುವುದಕ್ಕಿಂತ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಓದಿದರೆ ಹೆಚ್ಚು ಉಳಿಯುತ್ತದೆ. ಪಾಠವನ್ನು ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯುವುದು ಹೆಚ್ಚು ಫಲ ಕೊಡುತ್ತದೆ. ಮೇಷ್ಟ್ರು ಹೇಳಿದ ಒಪ್ಪಿಸುವ ಕ್ರಮ ಇದೇ. ನಮ್ಮ ಅಜ್ಜಂದಿರು ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದುದರಲ್ಲಿ ಅರ್ಧ ಸರಿಯಿತ್ತು, ಅರ್ಥ ಕೇಳದೆ ಬಿಡುತ್ತಿದ್ದುದಷ್ಟೇ ತಪ್ಪು. ಇಂದು ಓದಿದ್ದನ್ನು ನಾಳೆ ಒಮ್ಮೆ, ನಾಲ್ಕು ದಿನದ ಮೇಲೆ ಒಮ್ಮೆ, ಎರಡು ವಾರದ ಮೇಲೆ ಒಮ್ಮೆ ಕೇಳಿ. ಹದಿಮೂರು ವರ್ಷದ ಮಗುವಿಗೆ ಎಂಟು ಗಂಟೆಗೆ ಕಡಿಮೆ ನಿದ್ದೆ ಸಾಲದು. ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಡಬೇಕಾದವಳು ರಾತ್ರಿ ಹನ್ನೊಂದರವರೆಗೆ ಕೂತರೆ ಆ ಓದು ನಿಲ್ಲುವುದಿಲ್ಲ.

ಟ್ಯೂಷನ್ ಎಂದಿಗೂ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಸಡಿಲ ಕಲ್ಲು ಯಾವುದೆಂದು ತಿಳಿಯುವ ಮೊದಲು ಹಾಕಬೇಡಿ. ಹಾಗೆಯೇ ಕನ್ನಡವನ್ನು ಕಡೆಗಣಿಸಲು ಬಿಡಬೇಡಿ. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ ಮಕ್ಕಳಿಗೆ ಕನ್ನಡ ಹೇಗೂ ಬರುತ್ತದೆ ಎಂಬ ಉದಾಸೀನ ಬಂದುಬಿಡುತ್ತದೆ, ಆದರೆ ಅದು ಪ್ರಥಮ ಭಾಷೆಯಾಗಿದ್ದರೆ ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ 125 ಅದರದ್ದೇ.

ಒಂದು ವಿಷಯ ಬಹಳ ಮಂದಿಗೆ ತಿಳಿಯದೆ ಹೋಗುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಆಯ್ಕೆಯಾದವರಿಗೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಮಾನಸಿಕ ಸಾಮರ್ಥ್ಯದ ಪತ್ರಿಕೆಯೊಂದು, ವಿಷಯಗಳ ಪತ್ರಿಕೆಯೊಂದು, ತಲಾ 90 ಪ್ರಶ್ನೆಗಳು. ಅರ್ಜಿ ಶಾಲೆಯ ಮೂಲಕವೇ ಹೋಗಬೇಕು, ಆದ್ದರಿಂದ ಈಗಲೇ ಮುಖ್ಯ ಶಿಕ್ಷಕರ ಬಳಿ ವಿಚಾರಿಸಿ. ಹಾಗೆ ಹೋದಾಗ ಅವಳು ತರಗತಿಯಲ್ಲಿ ಎಲ್ಲಿ ಕೂರುತ್ತಾಳೆ, ಕಪ್ಪುಹಲಗೆ ಸರಿಯಾಗಿ ಕಾಣುತ್ತದೆಯೇ ಎಂಬುದನ್ನೂ ಕೇಳಿ. ಮಳೆಗಾಲದ ಮಬ್ಬು ಬೆಳಕಿನಲ್ಲಿ ಕಣ್ಣಿನ ದೋಷವನ್ನು ನಾವು ದಡ್ಡತನವೆಂದು ತಿಳಿದು ಮೋಸಹೋದದ್ದುಂಟು.


ಉತ್ತರ 4: ಎಸ್‌ಡಿಎಂಸಿ ಸದಸ್ಯೆ, ಸೊರಬ ತಾಲ್ಲೂಕು

ಎರಡೇ ಮಾತು. ಶಾಲಾಭಿವೃದ್ಧಿ ಸಮಿತಿಯ ಸಭೆ ಎಂದರೆ ಕಾಂಪೌಂಡ್, ಬಿಸಿಯೂಟ, ಸ್ವಾತಂತ್ರ್ಯ ದಿನದ ಸಿಹಿ, ಇಷ್ಟೇ ಎಂದು ನಾನೂ ತಿಳಿದಿದ್ದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಹೆತ್ತವರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಹೇಳುವುದು ಕಾಂಪೌಂಡ್ ಕಟ್ಟಿಸುವುದಕ್ಕಲ್ಲ. ನಿಮ್ಮ ಮಗನ ಶಾಲೆಯ ಮುಂದಿನ ಸಭೆಯಲ್ಲಿ, ಮೂರನೆಯ ತರಗತಿಯಲ್ಲಿ ಒತ್ತಕ್ಷರ ತೊಡಕಾಗಿರುವ ಮಕ್ಕಳು ಎಷ್ಟು ಜನ ಎಂದು ಕೇಳಿ. ನಮ್ಮಲ್ಲಿ ಕೇಳಿದಾಗ ಹದಿನಾಲ್ಕು ಮಕ್ಕಳಲ್ಲಿ ಆರು ಜನ ಇದ್ದರು, ತನ್ನ ಮಗುವೊಂದೇ ಹಾಗೆ ಎಂದು ಆರೂ ಮನೆಯವರು ನಾಚಿಕೆಯಿಂದ ಸುಮ್ಮನಿದ್ದರು. ಮೂರು ನಾಲ್ಕು ತಿಂಗಳು ದಿನವೂ ಓದಿಸಿಯೂ ಮುಂದೆ ಹೋಗದಿದ್ದರೆ, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರಿಗೆ ತೋರಿಸಬೇಕು. ಅದಕ್ಕೆ ಮೊದಲೇ ಹೆದರಬೇಕಾಗಿಲ್ಲ.

ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ "ಓದುವ ಬೆಳಕು" ಕಾರ್ಯಕ್ರಮದ್ದು ಅದು. ನಿಮ್ಮ ಪಂಚಾಯಿತಿಯಲ್ಲಿ ಕೇಳಿ ನೋಡಿ.


ಪ್ರಶ್ನೆ ಕೇಳಿದವರು: ತೀರ್ಥಹಳ್ಳಿ ಕಡೆಯ ತಾಯಿ (ಸೆಪ್ಟೆಂಬರ್)

ಉತ್ತರಿಸಿದ ಎಲ್ಲರಿಗೂ ಋಣಿಯಾಗಿದ್ದೇನೆ. ಮಗ ಈಗ ಬಸ್ಸಿನ ಬೋರ್ಡುಗಳನ್ನು ನಿಲ್ಲಿಸದೆ ಓದುತ್ತಾನೆ, ಆದರೆ ಪುಸ್ತಕದಲ್ಲಿ ಅರ್ಕಾವತ್ತು ಬಂದರೆ ಇನ್ನೂ ಒಮ್ಮೆ ನನ್ನ ಮುಖ ನೋಡುತ್ತಾನೆ. ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕವನ್ನು ಪಕ್ಕದ ಮನೆಯ ಹುಡುಗನಿಂದ ತಂದೆ. ಮೊದಲ ವಾರ ಮಗಳು ಮುಖ ಸಿಂಡರಿಸಿದಳು, ಈಗ ನಾನು ತಪ್ಪು ಪ್ರಶ್ನೆ ಕೇಳಿದರೆ ತಿದ್ದುತ್ತಾಳೆ. ತಿದ್ದಲೆಂದೇ ಕೆಲವು ಸಲ ತಪ್ಪಾಗಿ ಕೇಳುತ್ತೇನೆ, ಇದನ್ನು ಅವಳಿಗೆ ಯಾರೂ ಹೇಳಬೇಡಿ.

ಶಿಕ್ಷಕಿಯವರು ಹೇಳಿದಂತೆ ತಪ್ಪಿದ ಲೆಕ್ಕಗಳನ್ನು ಗುರುತು ಮಾಡಿದೆ. ಹನ್ನೊಂದರಲ್ಲಿ ಏಳು ಲೆಕ್ಕಗಳು ಒಂದೇ ಜಾಗದಲ್ಲಿ ತಪ್ಪಿವೆ: ಆವರಣ ಚಿಹ್ನೆಯ ಮುಂದೆ ಕಳೆಯುವ ಚಿಹ್ನೆ ಇದ್ದು ಆವರಣವನ್ನು ಬಿಡಿಸುವಾಗ. ಶಾಲೆಯಲ್ಲಿ ತೋರಿಸಿದೆ, ಅವರು ಅವಳಿಗೆ ಮತ್ತೊಮ್ಮೆ ಹೇಳಿಕೊಟ್ಟಿದ್ದಾರೆ. ನಿಯಮವನ್ನು ಈಗ ಬಾಯಿಪಾಠವಾಗಿ ಹೇಳುತ್ತಾಳೆ, ಆದರೆ ಚಿಹ್ನೆ ಏಕೆ ಬದಲಾಗುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ನನಗೂ ಗೊತ್ತಿಲ್ಲ. ಅದನ್ನು ಮನೆಯ ಮಾತಿನಲ್ಲಿ ಹೇಳುವ ಬಗೆ ಇದೆಯೇ, ಮೇಡಂ?


ಉತ್ತರ 5: ಪ್ರೌಢಶಾಲಾ ಗಣಿತ ಶಿಕ್ಷಕಿ, ಭದ್ರಾವತಿ

ಇದೆ ಅಕ್ಕ. ತೋಟದ ಲೆಕ್ಕ ಬೀಜಗಣಿತಕ್ಕೆ ಒದಗುವುದಿಲ್ಲ ಎಂದ ನಾನೇ ಈಗ ತೋಟಕ್ಕೆ ಹೋಗಬೇಕಾಗಿದೆ, ಹೊಸನಗರದವರು ನಕ್ಕರೆ ನಗಲಿ.

ನಿಮ್ಮ ಕೈಯಲ್ಲಿ ಹತ್ತು ಸಾವಿರ ಇದೆ ಎಂದುಕೊಳ್ಳಿ. ಅಡಿಕೆ ಗೊನೆ ಕೊಯ್ಯುವ ಕೊನೆಗಾರನಿಗೆ ಒಟ್ಟು ಆರು ಸಾವಿರ ಕೊಡಬೇಕು, ಅದರಲ್ಲಿ ಎರಡು ಸಾವಿರವನ್ನು ಹಿಂದೆಯೇ ಮುಂಗಡವಾಗಿ ಕೊಟ್ಟಿದ್ದೀರಿ. ಇಂದು ಕೊಡಬೇಕಾದದ್ದು 6 − 2, ಕೈಯಲ್ಲಿ ಉಳಿಯುವುದು 10 − (6 − 2). ಇದನ್ನು ಮಗಳು ಎರಡು ಹೆಜ್ಜೆಯಲ್ಲಿ ಮಾಡಲಿ. ಮೊದಲು ಆರು ಸಾವಿರ ಪೂರ್ತಿಯಾಗಿ ಎಣಿಸಿ ಕೊಡಲಿ. ಆಮೇಲೆ ಕೊನೆಗಾರನು ಮುಂಗಡವನ್ನು ನೆನಪಿಸಿಕೊಂಡು ಎರಡು ಸಾವಿರವನ್ನು ಹಿಂದಿರುಗಿಸಲಿ. 10 − 6 + 2. ಹಿಂದಿರುಗಿ ಬಂದ ಹಣ ಕೂಡಿಸಿಕೊಳ್ಳುವ ಹಣ, ಅದಕ್ಕೇ ಚಿಹ್ನೆ ಬದಲಾಯಿತು. ಉಳಿದದ್ದು ಆರು ಸಾವಿರ.

ಅವಳ ನೋಟ್‌ಪುಸ್ತಕದಲ್ಲಿರುವಂತೆ 10 − 6 − 2 ಎಂದು ಬರೆದರೆ ಉಳಿಯುವುದು ಎರಡು ಸಾವಿರ. ಹಾಗಾದರೆ ಇಂದು ನಾಲ್ಕು ಸಾವಿರ ಕೊಡಬೇಕಾಗಿದ್ದ ಕೊನೆಗಾರನಿಗೆ ಎಷ್ಟು ಕೊಟ್ಟಂತಾಯಿತು ಎಂದು ಅವಳನ್ನೇ ಕೇಳಿ. ಮಾವನವರ ಎದುರಿಗೆ ಕೇಳಿದರೆ ಇನ್ನೂ ಒಳ್ಳೆಯದು, ಉತ್ತರ ಅವರ ಬಾಯಿಂದಲೇ ಮೊದಲು ಬಂದೀತು.